ನಿಂಗರಾಜನ ಕಾಲಿಗೆ ನಡೆದ ಬ್ಯಾಂಡು

ಬ್ಯಾಂಡಿಗೆ ಸೇರಬೇಕೆಂದು ಬರುವ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಂಗೀತಕ್ಕೆ ಸಂಬಂಧಿಸಿದ್ದಲ್ಲ. "ಯುದ್ಧದಲ್ಲಿ ಎಷ್ಟು ಜನನ್ನ ಹೊಡೆದ್ರಿ ಸಾರ್?" ಎಂದು ಕೇಳುತ್ತಾರೆ. ಉತ್ತರ ಚಿಕ್ಕದು. ಯಾರನ್ನೂ ಹೊಡೆದಿಲ್ಲ. ಒಬ್ಬನನ್ನು ಬೀಳಿಸಿದ್ದೇನೆ. ಅವನು ನಮ್ಮ ಸೈನ್ಯದವನೇ.

ನಾನು ಗಾವಡಗೆರೆಯ ಪುಟ್ಟಸ್ವಾಮಿ. ಸೈನ್ಯದ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದೆ. ಅಲ್ಲಿಂದ ನಿವೃತ್ತನಾಗಿ ಬಂದು ಹುಣಸೂರಿನಲ್ಲಿ ಮದುವೆ ಬ್ಯಾಂಡು ಕಟ್ಟಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಮದುಮಕ್ಕಳ ಮುಂದೆ ನಡೆದೆ. ಈಗ ಊದುವುದರಿಂದಲೂ ನಿವೃತ್ತ. ತೋಳಿನ ಮೇಲೆ ಯಾವಾಗ ಯಾವ ಬಡ್ತಿಯ ಪಟ್ಟಿ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮದುವೆ ಮನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಕೆಂಪು ಕೋಟು ಹಾಕಿಕೊಳ್ಳಲು ಹೊರಟಿರುವವರಿಗೆ ಉಪಯೋಗಕ್ಕೆ ಬರುವಷ್ಟನ್ನು, ನಾನು ಕಂಡಂತೆ ಹೇಳುತ್ತೇನೆ. ಅದರಲ್ಲಿ ಹೆಚ್ಚಿನದು ನಾನು ಎಡವಿದ ಲೆಕ್ಕ. ಉಳಿದದ್ದು ಬೆಟ್ಟದಪುರದ ನಿಂಗರಾಜನ ಕಾಲಿನ ಕಥೆ.

ಸೈನ್ಯದಲ್ಲಿ ಬ್ಯಾಂಡಿನವರ ಕೈಗೆ ಶಾಂತಿಯಿದ್ದಾಗ ವಾದ್ಯ ಕೊಡುತ್ತಾರೆ, ಯುದ್ಧ ಬಂದಾಗ ಸ್ಟ್ರೆಚರ್ ಕೊಡುತ್ತಾರೆ. ಗಾಯಗೊಂಡವರನ್ನು ಹೊತ್ತು ತರುವುದು ನಮ್ಮ ಕೆಲಸ. ಇದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಬಂದ ಹೊಸದರಲ್ಲಿ ಶಾಲೆಯೊಂದರಲ್ಲಿ ಸನ್ಮಾನ ಮಾಡಿದರು. ಮರುದಿನದ ಪತ್ರಿಕೆಯಲ್ಲಿ ನಾನು ಗುಂಡಿನ ಮಳೆಗರೆದೆನೆಂದು ಬಂತು. ತಿದ್ದೋಣವೆಂದು ವರದಿಗಾರರ ಬಳಿ ಹೋದೆ. "ಸ್ಟ್ರೆಚರ್ ಅಂತ ಬರೆದ್ರೆ ಶೀರ್ಷಿಕೆಗೆ ಕೂರಲ್ಲ ಬಿಡಿ ಸಾರ್" ಎಂದರು. ನಾನೂ ಬಿಟ್ಟೆ. ಆ ಪತ್ರಿಕೆಯ ತುಣುಕಿಗೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿದ್ದೂ ನಾನೇ.

ನಡೆದದ್ದು ಇಷ್ಟು. ಕಾರ್ಗಿಲ್ ಯುದ್ಧದ ಸಮಯ. ಬೆಳಗಿನ ಮಂಜಿನಲ್ಲಿ ಒಬ್ಬ ಸಿಪಾಯಿಯನ್ನು ಬೆಟ್ಟದಿಂದ ಕೆಳಗಿಳಿಸುತ್ತಿದ್ದೆವು. ಅವನದು ಪಕ್ಕದ ಪಲ್ಟನ್ನು, ಬಲಗಾಲಿಗೆ ಏಟು ಬಿದ್ದಿತ್ತು. ಮುಂದಿನ ಎಡಗಡೆಯ ಹಿಡಿ ನನ್ನದು. ನನ್ನ ಗಮನ ಕಾಲ ಕೆಳಗಿನ ಕಲ್ಲಿನ ಮೇಲಿರಬೇಕಿತ್ತು, ಮೇಲಿನಿಂದ ಬರುತ್ತಿದ್ದ ಸದ್ದಿನ ಮೇಲಿತ್ತು. ಸಡಿಲ ಜಲ್ಲಿಗೆ ಬೂಟು ಜಾರಿತು. ಸ್ಟ್ರೆಚರ್ ವಾಲಿತು. ಸಿಪಾಯಿ ಉರುಳಿ ಬಂಡೆಯ ಮೇಲೆ ಭುಜವೂರಿ ಬಿದ್ದ. ಅಲ್ಲಿಯವರೆಗೆ ತುಟಿ ಕಚ್ಚಿಕೊಂಡು ಮಲಗಿದ್ದವನು ಆಗ ಕನ್ನಡದಲ್ಲಿ ಕಿರುಚಿದ.

"ನಿನ್ ಮನೆ ಕಾಯ್ವೋಗ! ನಿನ್ಗಿಂತ ಆ ಶತ್ರುನೇ ವಾಸಿ ಕಣ್ಲಾ!"

ನಾನು ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಯಾವೂರ್ಲಾ ನಿಂದು?"

"ಬೆಟ್ಟದಪುರ. ನಿಂದು?"

"ಗಾವಡಗೆರೆ."

"ಅಷ್ಟ್ ದೂರದಿಂದ ನನ್ನ ಬೀಳ್ಸಕೇ ಬಂದ್ಯಾ?"

ಹೀಗೆ ನಿಂಗರಾಜ ನನಗೆ ಪರಿಚಯವಾದ. ಕಾಲು ಉಳಿಯಿತು, ಆದರೆ ಗಿಡ್ಡವಾಯಿತು. ಭುಜದ ಮೂಳೆ ಮುರಿದಿತ್ತು. ಸೈನ್ಯದವರು ಅವನನ್ನು ಮನೆಗೆ ಕಳಿಸಿದರು. ಆಮೇಲಿನ ವರ್ಷಗಳಲ್ಲಿ ಯಾರು ಕೇಳಿದರೂ ಅವನ ಉತ್ತರ ಒಂದೇ: "ಕಾಲು ಪಾಕಿಸ್ತಾನದೋರು ಮಾಡಿದ್ದು. ಭುಜ ಈ ಪುಟ್ಟಸ್ವಾಮಿ ಮಾಡಿದ್ದು."

ಮದುವೆ ಬ್ಯಾಂಡಿನ ವಿಷಯಕ್ಕೆ ಬರುವ ಮುಂಚೆ ನನ್ನ ಮೇಲಧಿಕಾರಿಯೊಬ್ಬರ ಬಗ್ಗೆ ಹೇಳಬೇಕು, ಏಕೆಂದರೆ ನನ್ನ ಬ್ಯಾಂಡಿನ ಮೊದಲ ಮದುವೆ ಕೆಟ್ಟದ್ದು ಅವರಿಂದ. ಅವರು ಸೈನ್ಯದ ಬ್ಯಾಂಡ್ ಮಾಸ್ಟರ್ ವಾಸು ಸಾಹೇಬರು, ಕೇರಳದವರು. ಅವರ ಹಿಂದಿಯಲ್ಲಿ ಅರ್ಧ ಮಲಯಾಳವಿರುತ್ತಿತ್ತು. ನಾವು ಅಭ್ಯಾಸ ಮಾಡುವಾಗ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ವಾದ್ಯ ಕೇಳುತ್ತಿದ್ದಾರೆಂದು ನಾವು ತಿಳಿದಿದ್ದೆವು. ಅವರು ಕೇಳುತ್ತಿದ್ದದ್ದು ಬೂಟಿನ ಸದ್ದು. "ಪುಟ್ಟಸ್ವಾಮಿ, ನಿನ್ನ ಟ್ರಂಪೆಟ್ ಸರಿಯಾಗಿದೆ, ನಿನ್ನ ಕಾಲು ಬೇರೆ ಹಾಡು ಹೇಳುತ್ತಿದೆ" ಎನ್ನುವರು. ತಾಳ ಇರುವುದು ಕೈಯಲ್ಲಲ್ಲ, ಹಿಮ್ಮಡಿಯಲ್ಲಿ ಎಂಬುದು ಅವರ ಪಾಠ. ನನ್ನ ಹಿಮ್ಮಡಿಯನ್ನು ಅವರು ಎಷ್ಟು ತಿದ್ದಿದರೆಂದರೆ, ಕೊನೆಗೆ ಅದಕ್ಕೆ ಮೆಲ್ಲಗೆ ನಡೆಯುವುದೇ ಮರೆತುಹೋಯಿತು.

ಹುಣಸೂರಿಗೆ ಬಂದು ಬ್ಯಾಂಡು ಕಟ್ಟಿದಾಗ ಅಭ್ಯಾಸಕ್ಕೆ ಜಾಗವಿರಲಿಲ್ಲ. ಮನೆಗಳ ಹತ್ತಿರ ಊದಿದರೆ ಎಮ್ಮೆ ಹಾಲು ಕೊಡುವುದಿಲ್ಲವೆಂದು ದೂರು ಬಂತು. ನೆಂಟರೊಬ್ಬರು ಹೊಗೆಸೊಪ್ಪು ಬೇಯಿಸುವ ತಮ್ಮ ಬ್ಯಾರನ್ನನ್ನು, ಸೊಪ್ಪಿನ ಕಾಲ ಮುಗಿದ ಮೇಲೆ ಬಳಸಿಕೊಳ್ಳಿ ಎಂದರು. ಕಿಟಕಿಯಿಲ್ಲದ ಎತ್ತರದ ಗೋಡೆ. ಒಳಗೆ ಟ್ರಂಪೆಟ್ ಊದಿದರೆ ಸಾಕ್ಷಾತ್ ಅರಮನೆಯ ನಾದ. ಆದರೆ ಊದಬೇಕಾದರೆ ಮೊದಲು ಉಸಿರೆಳೆಯಬೇಕು. ಗೋಡೆಯಲ್ಲಿ ಕೂತಿದ್ದ ಸೊಪ್ಪಿನ ಘಾಟು ಎಲ್ಲರ ಮೂಗಿಗೆ ಹೋಗಿ, ಪಲ್ಲವಿ ಮುಗಿಯುವಷ್ಟರಲ್ಲಿ ಇಡೀ ಬ್ಯಾಂಡು ಸೀನುತ್ತಿತ್ತು. ಕ್ಲಾರಿಯೋನೆಟ್ಟಿನ ಮಹದೇವ, ಆಗಿನ್ನೂ ಮೀಸೆ ಚಿಗುರುತ್ತಿದ್ದವನು, ತಾಳ ತಪ್ಪದೆ ಸೀನುವುದನ್ನು ಕಲಿತ. ನಾನು ಕಲಿಸಿದ ಶಿಸ್ತಿನಲ್ಲಿ ಉಳಿದದ್ದು ಅದೊಂದೇ.

ಮೊದಲ ಮದುವೆ ಪಿರಿಯಾಪಟ್ಟಣದಲ್ಲಿ. ಕೆಂಪು ಕೋಟು, ಭುಜಕ್ಕೆ ಜರಿಯ ಕುಚ್ಚು, ತಲೆಗೆ ಪೇಟ. ಕೋಟು ನೋಡಿ ಒಬ್ಬ ಹಿರಿಯರು ನನ್ನನ್ನು ಛತ್ರದ ಕಾವಲಿನವನೆಂದು ತಿಳಿದು ಚಪ್ಪಲಿ ನೋಡಿಕೊಳ್ಳಲು ಹೇಳಿದ್ದರು. ಅದನ್ನು ಮರೆಸುವಂತೆ ನಡೆದು ತೋರಿಸಬೇಕೆಂದು ಛಲ ಹುಟ್ಟಿತು. ಬಸ್ ನಿಲ್ದಾಣದ ಹತ್ತಿರದಿಂದ ಹೊರಟೆವು. ವಾಸು ಸಾಹೇಬರ ಹೆಜ್ಜೆ. ಸಾಲು ಒಡೆಯಲಿಲ್ಲ, ತಾಳ ತಪ್ಪಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ಛತ್ರದ ಬಾಗಿಲಿಗೆ ಬಂದು ಒಟ್ಟಿಗೆ ನಿಂತೆವು. ನನ್ನ ಬ್ಯಾಂಡಿನ ಬದುಕಿನಲ್ಲಿ ಅಷ್ಟು ಅಚ್ಚುಕಟ್ಟಾದ ಮೆರವಣಿಗೆ ಇನ್ನೊಂದಿಲ್ಲ.

ಬಾಗಿಲಲ್ಲಿ ಆರತಿ ತಟ್ಟೆ ಹಿಡಿದಿದ್ದ ಹೆಂಗಸರು ಮುಂದೆ ನಿಂತಿದ್ದ ಪೇಟದವನಿಗೆ ಆರತಿ ಎತ್ತಿದರು. ಅಂದರೆ ನನಗೆ. ಹಣೆಗೆ ಕುಂಕುಮವೂ ಬಿತ್ತು. ಆಮೇಲೆ ಹೆಣ್ಣಿನ ತಂದೆ ನನ್ನ ಹಿಂದೆ ಇಣುಕಿದರು.

"ಅಳಿಯಂದ್ರೆಲ್ರೀ?"

"ಹಿಂದೆ ಬತ್ತಾವ್ರೆ."

"ಎಷ್ಟ್ ಹಿಂದೆ?"

ರಸ್ತೆ ಖಾಲಿಯಿತ್ತು. ಗಂಡಿನ ಕಾರು ಇನ್ನೂ ಪೆಟ್ರೋಲ್ ಬಂಕಿನ ಹತ್ತಿರವಿತ್ತು. ಕುಣಿಯಲು ಬಂದಿದ್ದ ಹುಡುಗರು ವಾದ್ಯ ಕೇಳಿಸದೆ ಕೈಕಟ್ಟಿ ನಡೆದು ಬರುತ್ತಿದ್ದರು. ಎಲ್ಲರಿಗಿಂತ ಹಿಂದೆ ಒಬ್ಬ ಕುಂಟುತ್ತ ಬಂದ. ಗಂಡಿನ ಕಡೆಯ ನೆಂಟ. ನನ್ನ ಹಣೆಯ ಕುಂಕುಮ ನೋಡಿ ನಿಂತ.

"ಲೇ ಪುಟ್ಟಸ್ವಾಮಿ! ಅಲ್ಲಿ ನನ್ನ ಬೀಳ್ಸ್ದೆ, ಇಲ್ಲಿ ಮದ್ವೆ ಗಂಡುನ್ನೇ ಬುಟ್ಬುಟ್ಟು ಬಂದಿದ್ದೀಯ. ಒಂದ್ ಕೆಲ್ಸನಾರ ನೆಟ್ಟಗೆ ಮಾಡ್ಲಾ!"

ನಿಂಗರಾಜನನ್ನು ಆ ಬೆಟ್ಟದ ನಂತರ ನೋಡಿದ್ದು ಅಂದೇ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ. ಊರಿನಲ್ಲಿ ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಮನೆಯಿಂದ ಹೊರಗೆ ಹೆಚ್ಚು ಬರುವುದಿಲ್ಲ ಎಂದ. ಸಂತೆಗೂ ಹೆಂಡತಿಯನ್ನೇ ಕಳಿಸುತ್ತಾನಂತೆ. ಏಕೆಂದು ಕೇಳಲಿಲ್ಲ. ಅವನು ಎಲೆ ಮುಂದಿನಿಂದ ಎದ್ದು ನಿಂತಾಗ ಎದುರು ಸಾಲಿನವರು ಕಾಲನ್ನು ನೋಡಿದರು. ಅವನು ಅವರನ್ನು ನೋಡಿದ.

ಮುಂದಿನ ವಾರ ಅವನೇ ಬ್ಯಾರನ್ನಿಗೆ ಬಂದ. ನಮ್ಮ ದೊಡ್ಡ ಡ್ರಮ್ಮಿನವನು ಸೀನು ತಾಳಲಾರದೆ ಕೆಲಸ ಬಿಟ್ಟಿದ್ದ. ನಿಂಗರಾಜ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು, ಮುರಿದು ಕೂಡಿಕೊಂಡಿದ್ದ ಭುಜಕ್ಕೆ ಪಟ್ಟಿ ಹಾಕಿಕೊಂಡು ಬ್ಯಾರನ್ನಿನ ಒಳಗೆ ಒಂದು ಸುತ್ತು ನಡೆದ. ಒಳ್ಳೆಯ ಕಾಲಿಗೆ ಉದ್ದ ಏಟು, ಗಿಡ್ಡ ಕಾಲಿಗೆ ಚಿಕ್ಕ ಏಟು. ನಡಿಗೆ ಹೇಗಿತ್ತೋ ಹಾಗೆ ಬಾರಿಸಿದ. ಸೈನ್ಯದ ತಾಳ ಎರಡು ಕಾಲಿಗೂ ಸಮ. ಇದು ಸಮವಲ್ಲ. ಒಂದು ಕಡೆ ತಡೆದು ಇನ್ನೊಂದು ಕಡೆ ತುಳುಕುವಂಥದ್ದು. ಕ್ಲಾರಿಯೋನೆಟ್ ಹಿಡಿದಿದ್ದ ಮಹದೇವನ ಸೊಂಟ ತಾನಾಗಿ ಅಲ್ಲಾಡಿತು. ನಾನು ಗದರಿದೆ. ಗದರುವಾಗ ನನ್ನ ಕಾಲೂ ಅಲ್ಲಾಡುತ್ತಿತ್ತು.

ಅಂದಿನಿಂದ ಬ್ಯಾಂಡಿನ ಮುಂದೆ ನಿಂಗರಾಜ, ಅವನ ಹಿಂದೆ ನಾವು. ಅವನು ಓಡುವಂತಿಲ್ಲ, ಆದ್ದರಿಂದ ಬ್ಯಾಂಡು ಗಂಡನ್ನು ಬಿಟ್ಟು ಹೋಗುವಂತಿಲ್ಲ. ಅವನ ತಾಳಕ್ಕೆ ಕುಣಿಯದ ಹುಡುಗರಿಲ್ಲ. ಕೊಡಗಿನ ಗಡಿಯ ಮದುವೆಗಳಲ್ಲಿ ವಾಲಗದ ಕುಣಿತದಲ್ಲಿ ಪಳಗಿದವರೂ ಬಂದು ಅವನ ಮುಂದೆ ಹೆಜ್ಜೆ ಹಾಕಿದರು. ನಮಗೆ ಕರೆ ಹೆಚ್ಚಿದ್ದು ನನ್ನ ಟ್ರಂಪೆಟ್ಟಿನಿಂದ ಎಂದು ನಾನು ಬಹಳ ಕಾಲ ನಂಬಿದ್ದೆ. ಜನ ಬಂದು ಕೇಳುತ್ತಿದ್ದದ್ದು, "ಆ ದೊಡ್ ಡ್ರಮ್ನೋರು ಬತ್ತಾರೆ ತಾನೆ?" ಎಂದು.

ಒಮ್ಮೆ ಬೇರೆಯವರ ಡ್ರಮ್ಮು ಹಗುರವಾಗಿದೆ, ಅದನ್ನು ತಗೋ ಎಂದೆ. ಬೇಡವೆಂದ. "ಡ್ರಮ್ ಇಲ್ದೆ ನಡೆದ್ರೆ ಜನ ಕುಂಟ ಅಂತಾರೆ. ಡ್ರಮ್ ಕಟ್ಕಂಡು ನಡೆದ್ರೆ ತಾಳ ಅಂತಾರೆ. ಇದು ದೊಡ್ಡದಾಗಿರ್ಲಿ ಬುಡು." ಆಗ ಅವನು ಸಂತೆಗೆ ತಾನೇ ಹೋಗಲು ಶುರುಮಾಡಿ ಒಂದು ವರ್ಷವಾಗಿತ್ತು. ಈ ಮಾತನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಮುಂದೆ ಆದದ್ದು ಸುಲಭವಾಗುತ್ತಿತ್ತು.

ಅಂತರಸಂತೆಯ ಸಂಗತಿಯನ್ನು ಮಹದೇವ ಈಗಲೂ ಎಲ್ಲರಿಗೂ ಹೇಳುತ್ತಾನೆ, ಆದ್ದರಿಂದ ನಾನೇ ಹೇಳಿಬಿಡುವುದು ಮೇಲು. ಸಂಜೆ ಇಳಿಯುವ ಹೊತ್ತು ಗಂಡಿನ ಮೆರವಣಿಗೆ ಊರೊಳಗೆ ಹೋಗುತ್ತಿತ್ತು. ಕಾಡಿನಂಚಿನ ರಾಗಿ ಹೊಲದಲ್ಲಿ ಆನೆಯೊಂದು ನಿಂತಿತ್ತು. ಹೊಲದ ಯಜಮಾನ ಓಡಿಬಂದ. "ಬ್ಯಾಂಡ್ನೋರೆ, ಒಸಿ ಅತ್ತಾಗ್ ತಿರೀಕಂಡು ಜೋರಾಗ್ ಊದ್ರಪ್ಪ. ಓಯ್ತದೆ." ಮಿಲ್ಟ್ರಿಯವರು ಇದ್ದಾರೆ, ಭಯವಿಲ್ಲ ಎಂದು ಯಾರೋ ನನ್ನ ಕಡೆ ಕೈ ತೋರಿಸಿದರು. ನಾನು ಬ್ಯಾಂಡನ್ನು ತಿರುಗಿಸಿ ನನ್ನ ಅತಿ ಎತ್ತರದ ಸ್ವರ ಹಿಡಿದೆ. ಆನೆ ಸೊಂಡಿಲಿನಲ್ಲಿ ರಾಗಿ ತೆನೆಯ ಕಟ್ಟು ಹಿಡಿದು ಕೇಳಿತು. ಕಿವಿ ಬೀಸಿತು. ಆಮೇಲೆ ನಮ್ಮ ಕಡೆಗೆ ಒಂದು ಹೆಜ್ಜೆ ಇಟ್ಟಿತು.

ಯುದ್ಧ ಕಂಡ ನಾನು ಎಲ್ಲರಿಗಿಂತ ಮುಂಚೆ ಓಡಿದೆ. ಗಂಡಿನ ಕಾರನ್ನೂ ದಾಟಿದೆ. ತಿರುಗಿ ನೋಡಿದಾಗ ರಸ್ತೆಯಲ್ಲಿ ನಿಂಗರಾಜ ಒಬ್ಬನೇ ನಿಂತು ಬಾರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಆನೆ ಕಾಡಿನ ಕಡೆ ತಿರುಗಿ ನಡೆಯಿತು. ಡ್ರಮ್ಮಿಗೆ ಹೆದರಿತೋ ಹೊಟ್ಟೆ ತುಂಬಿತ್ತೋ, ಖಚಿತವಾಗಿ ಹೇಳುವವರಿಲ್ಲ. ನಿಂಗರಾಜನ ಧೈರ್ಯವನ್ನು ಊರವರು ಹೊಗಳಿದರು. ಅವನು ಬೆವರು ಒರೆಸಿಕೊಂಡ. "ಧೈರ್ಯ ಎಲ್ಲೀದ್ರಪ್ಪ? ಓಡೋ ಕಾಲ ಬೆಟ್ಟದ್ ಮ್ಯಾಲೆ ಬುಟ್ಟು ಬಂದಿವ್ನಿ. ಈ ನನ್ಮಗ ನೋಡಿ, ಎರಡೂ ಕಾಲ್ ಉಳ್ಸ್ಕಂಡು ಬಂದವ್ನೆ, ಇದ್ಕೇಯ."

ಕೆಲಸದ ರೀತಿ ಹೇಗೆ ಬದಲಾಯಿತು ಎಂಬುದನ್ನೂ ಹೇಳಬೇಕು. ಮೊದಮೊದಲು ಹೊಸ ಹಾಡು ಬಂದರೆ ಕ್ಯಾಸೆಟ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಕಲಿಯುತ್ತಿದ್ದೆವು. ಕ್ಯಾಸೆಟ್ಟು ಎಳೆದು ಎಳೆದು ಹಾಡು ಅರ್ಧ ಸ್ವರ ಇಳಿದಿರುತ್ತಿತ್ತು, ನಾವೂ ಇಳಿಸಿಯೇ ಊದುತ್ತಿದ್ದೆವು. ಈಗ ಫೋನಿನಲ್ಲಿ ಕೇಳಿ ದಾರಿಯಲ್ಲೇ ಕಲಿಯುತ್ತಾರೆ. ಆಮೇಲೆ ಗಾಡಿಯ ತುಂಬ ಸ್ಪೀಕರು ಹೇರಿಕೊಂಡು ಡಿಜೆಗಳು ಬಂದವು. ಅವುಗಳ ಮುಂದೆ ನಮ್ಮ ಬ್ಯಾಂಡು ಬಾಯಿ ಮಾತ್ರ ಆಡಿಸಿದಂತಿತ್ತು. ಈಗ ನಮ್ಮನ್ನು ಹೆಚ್ಚಾಗಿ ಕರೆಯುವುದು ಮದುಮಕ್ಕಳು ಛತ್ರದೊಳಗೆ ಬರುವ ದೃಶ್ಯಕ್ಕೆ. ವಿಡಿಯೋ ತೆಗೆಯುವವರು "ಅಣ್ಣ, ಇನ್ನೊಂದ್ ಸಲ ಬನ್ನಿ" ಎಂದರೆ ಇನ್ನೊಂದು ಸಲ ಬರಬೇಕು. ಬೇಸರ ಪಡಬೇಡಿ. ಸೈನ್ಯದಲ್ಲೂ ದೊಡ್ಡ ಸಾಹೇಬರು ಬರುವ ಮುಂಚೆ ನಾವು ಅದನ್ನೇ ಮಾಡುತ್ತಿದ್ದೆವು.

ನಿಂಗರಾಜನ ಮಂಡಿ ಊದಲು ಶುರುವಾದದ್ದು ಈ ಕಾಲದಲ್ಲಿ. ಅವನ ಹೆಂಡತಿ ಸಾಕಮ್ಮ ಫೋನು ಮಾಡಿದರು.

"ಅಣ್ಣ, ಡಾಕ್ಟ್ರು ನಡೀಬೋದು ಅಂದವ್ರೆ, ತೂಕ ಮಾತ್ರ ಹೊರಂಗೇ ಇಲ್ಲ ಅಂದವ್ರೆ. ಇಂಗೇ ಹೊತ್ಕಂಡ್ ತಿರುಗುದ್ರೆ ಆಸ್ಗೆ ಹಿಡೀತಾರಂತೆ. ನನ್ ಮಾತು ಕೇಳಾಕಿಲ್ಲ. ನೀವೇ ಏಳ್ಬುಡಿ, ಡ್ರಮ್ ಬುಟ್ಬುಡು ಅಂತ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಡ್ರಮ್ಮು ಬಿಟ್ಟರೆ ಕಾಲು ಉಳಿಯುತ್ತದೆ, ಆದರೆ ಆ ಕಾಲು ಮತ್ತೆ ಬರೀ ಕುಂಟುಗಾಲಾಗುತ್ತದೆ. ಅವನು ಮತ್ತೆ ಮನೆಯೊಳಗೆ ಕೂರುತ್ತಾನೆ. ಇದನ್ನು ಹೇಳುವುದು ಯಾರು? ಒಮ್ಮೆ ಅವನನ್ನು ಬೀಳಿಸಿದವನು.

ಹೇಳುವ ಬದಲು ಉಪಾಯ ಮಾಡಿದೆ. ಎಚ್.ಡಿ. ಕೋಟೆಯ ಒಂದು ಮದುವೆಗೆ ಚಿಕ್ಕ ಗೂಡ್ಸ್ ಗಾಡಿ ತಂದು, ಹೂವಿನ ಹಾರ ಹಾಕಿಸಿ, ಡ್ರಮ್ಮನ್ನೂ ನಿಂಗರಾಜನನ್ನೂ ಅದರ ಮೇಲೆ ಕೂರಿಸಿದೆ. ಹೊಸ ಶೈಲಿ ಎಂದೆ. ಕೂತು ಬಾರಿಸಿದಾಗ ತಾಳ ಎರಡು ಕಡೆಗೂ ಸಮವಾಯಿತು. ಹುಡುಗರು ಕುಣಿಯುವುದನ್ನು ಬಿಟ್ಟು ಫೋನು ತೆಗೆದರು. ಗಾಡಿ ನಡೆದದ್ದು ಚಾಲಕನ ಮರ್ಜಿಯಲ್ಲಿ. ಅರ್ಧ ದಾರಿಯಲ್ಲಿ ನಿಂಗರಾಜ ಗಾಡಿ ತಟ್ಟಿ ನಿಲ್ಲಿಸಿ ಇಳಿದ.

"ಯಾವನ್ಲಾ ಇದು ನಿಂಗ್ ಏಳ್ಕೊಟ್ಟಿದ್ದು? ನಾನೇನ್ ಉತ್ಸವಮೂರ್ತಿನಾ?" ಎಂದು ಡ್ರಮ್ಮು ಕಟ್ಟಿಕೊಂಡು ನಡೆದ. ಕುಣಿತ ಮತ್ತೆ ಶುರುವಾಯಿತು. ಮಂಡಿ ಮರುದಿನ ಕುಂಬಳಕಾಯಿಯಷ್ಟಾಗಿತ್ತೆಂದು ಸಾಕಮ್ಮ ಹೇಳಿದರು.

ಇದರ ನಡುವೆ ನನ್ನ ಮುಂದಿನ ಹಲ್ಲುಗಳು ಬಿದ್ದವು. ಟ್ರಂಪೆಟ್ ಊದುವವನಿಗೆ ತುಟಿಯ ಹಿಂದೆ ಹಲ್ಲಿನ ಆಸರೆ ಬೇಕು. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡೆ. "ಮುದ್ದೆ ನುಂಗಾಕೆ ಹಲ್ಯಾಕ್ರೀ?" ಎಂದಳು ನನ್ನ ಹೆಂಡತಿ ಜಯಮ್ಮ. ಸೆಟ್ಟು ಹಾಕಿಕೊಂಡು ಊದಿದಾಗ ಮೊದಲಿನಂತೆಯೇ ಕೇಳಿಸುತ್ತಿದೆ ಎಂದು ನನಗೆ ಅನ್ನಿಸಿತು. ಮಹದೇವ ಈಚೆಗೆ ನನ್ನ ಬೆನ್ನಿಗೇ ಅಂಟಿಕೊಂಡು ನಿಲ್ಲುತ್ತಿದ್ದ. ಗೌರವ ಹೆಚ್ಚಾಗಿದೆ ಎಂದುಕೊಂಡೆ.

ಕೊನೆಗೆ, ಬರುತ್ತೇನೆಂದು ಫೋನಿನಲ್ಲಿ ಹೇಳಿ, ಒಂದು ಭಾನುವಾರ ಬೆಟ್ಟದಪುರಕ್ಕೆ ಹೊರಟೆ. ಬಸ್ಸಿನಲ್ಲಿ ಕೂತು ಭಾಷಣ ಸಿದ್ಧಮಾಡಿಕೊಂಡೆ. ಎಲ್ಲಕ್ಕೂ ಒಂದು ಕಾಲವಿದೆ, ಕಿರಿಯರಿಗೆ ಜಾಗ ಬಿಡಬೇಕು, ಗೌರವದಿಂದ ನಿಲ್ಲುವುದೇ ಸೈನಿಕನಿಗೆ ಶೋಭೆ, ಇತ್ಯಾದಿ. ನಿಂಗರಾಜ ಜಗುಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ಆಶ್ಚರ್ಯವೆಂದರೆ ಮಹದೇವನೂ ಅಲ್ಲಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ನಿಂಗೊಂದು ಮಾತು ಏಳ್ಬೇಕು ಕಣ್ಲಾ," ಎಂದೆ.

"ನಾವೂ ನಿಂಗ್ ಒಂದ್ ಮಾತು ಏಳ್ಬೇಕು. ಅದ್ಕೇ ಇವ್ನ ಕರ್ಸಿದ್ದು. ಮೊದ್ಲು ನಮ್ದಾಗ್ಲಿ. ಎಲ್ಲಾದಕ್ಕೂ ಒಂದ್ ಕಾಲ ಅಂತ ಇರ್ತದೆ..."

ನನ್ನದೇ ಭಾಷಣ. ನನಗೆ ಗಾಬರಿಯಾಯಿತು.

"ನಿನ್ ಟ್ರಂಪೆಟ್ಟಿಂದ ಬರೀ ಗಾಳಿ ಬತ್ತಾದೆ ಪುಟ್ಟಸ್ವಾಮಿ. ಸೈಕಲ್ ಟ್ಯೂಬು ಪಂಚರ್ ಆದಂಗೆ. ಓದ್ ವರ್ಸದ್ ಮದ್ವೆ ಕಾಲದಿಂದ ಇಂಗೇಯ."

"ಸುಳ್ಳು. ಕೆ.ಆರ್. ನಗರದ ಮದ್ವೇಲಿ ಅಷ್ಟೆತ್ರಕ್ಕೆ ಊದಿದ್ನಲ್ಲ, ಕೇಳ್ಸಿಲ್ವಾ?"

ಮಹದೇವ ನೆಲ ನೋಡಿದ. "ಅದ್ ನಾನು ಸಾರ್. ನಿಮ್ ಬೆನ್ನಿಂದೆ ನಿಂತು ಕ್ಲಾರಿಯೋನೆಟ್ಟಲ್ಲಿ ನಿಮ್ಮ ಭಾಗನೂ ಊದ್ತಿದ್ದೆ."

ಸಾಕಮ್ಮ ಕಾಫಿ ತಂದರು. ಒಂದು ಇಡೀ ಮದುವೆಯ ಕಾಲ ನಾನು ಕೆನ್ನೆ ಉಬ್ಬಿಸಿಕೊಂಡು ರಸ್ತೆಯಲ್ಲಿ ನಡೆದಿದ್ದೆ, ಅಷ್ಟೇ. ಯಾರನ್ನು ಹೇಗೆ ನಿಲ್ಲಿಸುವುದು ಎಂದು ನಾನು ಚಿಂತಿಸುತ್ತಿದ್ದಾಗ, ಅವರು ನನ್ನ ಬಗ್ಗೆ ಅದನ್ನೇ ಚಿಂತಿಸುತ್ತಿದ್ದರು. ನನಗಿಂತ ಚೆನ್ನಾಗಿ.

"ಸರಿ, ನೀನೇನೋ ಏಳ್ಬೇಕು ಅಂದ್ಯಲ್ಲ?" ನಿಂಗರಾಜ ಕೇಳಿದ.

ಸಾಕಮ್ಮ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು. ಸಿದ್ಧಮಾಡಿಕೊಂಡಿದ್ದ ಭಾಷಣವನ್ನು ಆಗಲೇ ಅವನು ಬಳಸಿಬಿಟ್ಟಿದ್ದ. ಮೂಲೆಯಲ್ಲಿ ಡ್ರಮ್ಮು ಇತ್ತು, ಅದರ ಅಗಲವಾದ ಪಟ್ಟಿ ಗೋಡೆಗೆ ತೂಗುತ್ತಿತ್ತು.

"ಡಾಕ್ಟ್ರು ನಿಂಗೆ ನಡೀಬ್ಯಾಡ ಅಂದವ್ರಾ?"

"ಇಲ್ಲ. ಹೊರಬ್ಯಾಡ ಅಂದವ್ರೆ."

"ಹಂಗಾರೆ ನೀನ್ ನಡಿ, ಹೊಡಿ. ಡ್ರಮ್ ನಾನ್ ಹೊತ್ಕತೀನಿ. ಹೆಂಗೂ ನಂಗೀಗ ಕೈ ಖಾಲಿ."

ನಿಂಗರಾಜ ನನ್ನನ್ನು ನೋಡಿದ. ಆಮೇಲೆ ತನ್ನ ಭುಜ ಮುಟ್ಟಿಕೊಂಡ. "ನೀನು? ಹೊರಾದಾ?" ಎಂದ. ಮಹದೇವ ನಗು ತಡೆಯಲು ಕಾಫಿ ಲೋಟದೊಳಗೆ ಮುಖ ಇಟ್ಟ. ಕೊನೆಗೆ ನಿಂಗರಾಜ ಬೇಡವೆನ್ನಲಿಲ್ಲ.

ಬ್ಯಾಂಡನ್ನು ಈಗ ಮಹದೇವ ನಡೆಸುತ್ತಾನೆ. ನನ್ನ ಕೊನೆಯ ಕೆಲಸ ಯಾವ ಬ್ಯಾಂಡ್ ಮಾಸ್ಟರೂ ಕಲಿಸಿದ್ದಲ್ಲ. ಪಟ್ಟಿಯನ್ನು ನನ್ನ ಎರಡೂ ಭುಜಕ್ಕೆ ಹಾಕಿಕೊಂಡು, ಡ್ರಮ್ಮನ್ನು ಹೊಟ್ಟೆಯ ಮೇಲೆ ಹೊತ್ತು ನಿಂಗರಾಜನ ಪಕ್ಕದಲ್ಲಿ, ಅವನು ಬಾರಿಸುವ ಕೋಲಿಗೆ ಎಟಕುವಂತೆ ವಾರೆಯಾಗಿ ನಡೆಯಬೇಕು. ಅವನ ಉದ್ದ ಹೆಜ್ಜೆಗೆ ನನ್ನ ಉದ್ದ ಹೆಜ್ಜೆ, ಗಿಡ್ಡಕ್ಕೆ ಗಿಡ್ಡ. ಇಲ್ಲದಿದ್ದರೆ ಏಟು ಡ್ರಮ್ಮಿಗೆ ಬೀಳದೆ ನನ್ನ ಬೆರಳಿಗೆ ಬೀಳುತ್ತದೆ. ಮೊದಲ ವಾರ ಹೆಚ್ಚಿನವು ಬೆರಳಿಗೇ ಬಿದ್ದವು. ಕಲಿತ ಮೇಲೆ ನೋಡಿದವರಿಗೆ ಇಬ್ಬರು ಕುಂಟರು ನಡೆದಂತೆ ಕಾಣುತ್ತದೆ ಎಂದು ಜಯಮ್ಮ ಹೇಳಿದಳು. ಹುಡುಗರು ಕುಣಿಯುತ್ತಾರೆ, ಅಷ್ಟು ಸಾಕು.

ಮೊನ್ನೆ ಪಿರಿಯಾಪಟ್ಟಣದ ಮದುವೆಯಲ್ಲಿ ಒಬ್ಬಾಕೆ ಇನ್ನೊಬ್ಬಾಕೆಯನ್ನು ಕೇಳಿದ್ದು ಕಿವಿಗೆ ಬಿತ್ತು. "ಡ್ರಮ್ ಹೊತ್ಕಂಡಿರೋರು ಯಾರೇ?" "ಯಾರೋ ಕೂಲಿಯೋರು ಇರ್ಬೇಕು ಕಣೆ." ಪತ್ರಿಕೆಯವರು ಬರೆದುದಕ್ಕಿಂತ ಇದು ನಿಜಕ್ಕೆ ಹತ್ತಿರವಾಗಿತ್ತು. ತಿದ್ದಲಿಲ್ಲ.

ಛತ್ರದ ತಿರುವಿನಲ್ಲಿ ರಸ್ತೆ ರಿಪೇರಿಗೆಂದು ಜಲ್ಲಿ ಸುರಿದಿದ್ದರು. ಅಲ್ಲಿಂದ ಬಾಗಿಲವರೆಗೆ ಇಳಿಜಾರು. ನಿಂಗರಾಜ ಬಾರಿಸುವುದನ್ನು ನಿಲ್ಲಿಸದೆ, ನನ್ನ ಕಡೆ ನೋಡದೆ ಹೇಳಿದ.

"ಈ ಸಲ ಬೀಳ್ಸ್‌ಬ್ಯಾಡ ಕಣ್ಲಾ."

ಈ ಸಲ ನಾನು ಕಾಲ ಕೆಳಗಿನ ಕಲ್ಲು ನೋಡಿಕೊಂಡೇ ನಡೆದೆ. ಉದ್ದ, ಗಿಡ್ಡ. ಉದ್ದ, ಗಿಡ್ಡ. ಆರತಿ ತಟ್ಟೆ ಹಿಡಿದವರು ಕಂಡ ಮೇಲೆ ಒಮ್ಮೆ ತಿರುಗಿ ನೋಡಿದೆ. ಮದುವೆ ಗಂಡು ನಮ್ಮ ಹಿಂದೆಯೇ ಇದ್ದ.